ಜಾರದ ಚಕ್ರಕ್ಕೆ ಬ್ರೇಕು

ನಾನು ಮೀನು ಮಾರುವವಳು. ಮನೆ ಕಾಪುವಿನ ಕಡಲ ಬದಿಯಲ್ಲಿ. ಓದಿದ್ದು ಪಿಯುಸಿ ತನಕ, ಕಾರು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ವಸ್ತುವಿನ ಬಗ್ಗೆ ಬರೆಯಲಿಕ್ಕಿದ್ದೇನೆ. ಇವಳಿಗೆ ಅದೆಲ್ಲ ಹೇಗೆ ಗೊತ್ತು ಎಂದು ಕೇಳುವವರು ನಮ್ಮ ನೆರೆಕರೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಯಾರೂ ಕರೆದು ಹೇಳಿಕೊಡಲಿಲ್ಲ. ಕೇಳಿ ಕೇಳಿ ತಿಳಿದುಕೊಂಡೆ.

ಇಪ್ಪತ್ತು ವರ್ಷ ನಾನು ಬಸ್ಸಿನಲ್ಲೇ ಮೀನು ಕೊಂಡುಹೋದವಳು. ಬೆಳಿಗ್ಗೆ ಮಲ್ಪೆಯಿಂದ ಮೀನು ಹಿಡಿದುಕೊಂಡು ಉಡುಪಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಣಿಪಾಲ, ಹಿರಿಯಡ್ಕ ದಾಟಿ ಅಜೆಕಾರು. ಅಲ್ಲಿ ಮನೆಮನೆಗೆ ಹೋಗಿ, ಉಳಿದದ್ದನ್ನು ಕಾರ್ಕಳದಲ್ಲಿ ಮಾರಿ ಸಂಜೆ ಮನೆಗೆ. ಬುಟ್ಟಿ ಯಾವಾಗಲೂ ಬಸ್ಸಿನ ಹಿಂದಿನ ಬಾಗಿಲ ಹತ್ತಿರ. ನಾನೂ ಅಲ್ಲೇ. ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಕೂತರೆ ಪಕ್ಕದವರು ಎದ್ದು ಹೋಗುತ್ತಾರೆ, ಅದನ್ನು ನೋಡುವುದಕ್ಕಿಂತ ನಿಲ್ಲುವುದೇ ಸುಖ ಅನಿಸುತ್ತಿತ್ತು.

ಒಂದು ದಿನ ಬುಟ್ಟಿಯ ನೀರು ಒಬ್ಬರ ಮದುವೆ ಸೀರೆಯ ಅಂಚಿಗೆ ತಾಗಿತು. ಅವರು ಗಲಾಟೆ ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಕಂಡಕ್ಟರ್ ಮಣಿಪಾಲ ದಾಟಿದ ಮೇಲೆ ಒಂದು ತಿರುವಿನಲ್ಲಿ ಬಸ್ಸು ನಿಲ್ಲಿಸಿ, "ಅಕ್ಕ, ನೀವು ಇಳಿಯಿರಿ, ಹಿಂದಿನ ಬಸ್ಸಿಗೆ ಬನ್ನಿ," ಎಂದ. ಇಳಿದೆ. ಹಿಂದಿನ ಬಸ್ಸು ನಿಲ್ಲಲಿಲ್ಲ. ಅದರ ಹಿಂದಿನದೂ ನಿಲ್ಲಲಿಲ್ಲ. ನಾನು ಅಜೆಕಾರು ಮುಟ್ಟುವಾಗ ಮಧ್ಯಾಹ್ನ. ಬುಟ್ಟಿಯಲ್ಲಿ ಐಸು ಕರಗಿ ಬಂಗುಡೆಯ ಕಣ್ಣು ಬಿಳಿಚಿತ್ತು. ಆ ರಸ್ತೆಬದಿಯಲ್ಲಿ ನಿಂತಾಗಲೇ ತೀರ್ಮಾನ ಮಾಡಿದ್ದೆ, ಇನ್ನು ಮುಂದೆ ಎಲ್ಲಿ ಇಳಿಯಬೇಕು ಅಂತ ನಾನೇ ಹೇಳುವುದು.

ಕಾರು ಕಲಿಯುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕರು. ಬೇಡ ಎನ್ನಲಿಲ್ಲ. ಅವರು ಆಳಸಮುದ್ರದ ಬೋಟಿಗೆ ಹೋಗುವವರು. ಹೋದರೆ ಹತ್ತು ದಿನ ಕಾಣಲಿಕ್ಕಿಲ್ಲ. ಎಂಥ ಅಲೆಯಲ್ಲೂ ಊಟ ಮಾಡಿ ನಿದ್ದೆ ಹೊಡೆಯುವ ಮನುಷ್ಯ, ಆದರೆ ಕಾರಿನಲ್ಲಿ ಕೂರಿಸಿದರೆ ಎರಡು ತಿರುವಿನೊಳಗೆ ವಾಂತಿ. ಬೇಡ ಎಂದವರು ಭಾವ, ಅಂದರೆ ನನ್ನ ಗಂಡನ ಅಣ್ಣ. ಅವರು ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಎಂಟು ಹತ್ತು ಜನರ ಜೀವ ಅವರ ಒಂದು ಮಾತಿನ ಮೇಲೆ ನಿಂತಿರುತ್ತಿತ್ತು. ಮೊಣಕಾಲು ನೋವು ಹಿಡಿದ ಮೇಲೆ ಕಡಲು ಬಿಟ್ಟರು, ಆದರೆ ಆಜ್ಞೆ ಮಾಡುವುದನ್ನು ಬಿಡಲಿಲ್ಲ. ಬೋಟಿನ ಬದಲು ಮನೆ, ಅಷ್ಟೇ.

"ನಮ್ಮ ಮನೆಯ ಹೆಂಗಸರು ಕಾರು ಬಿಟ್ಟದ್ದಿಲ್ಲ," ಎಂದರು.

"ನಮ್ಮ ಮನೆಯ ಗಂಡಸರೂ ಬಿಟ್ಟದ್ದಿಲ್ಲ, ಭಾವ," ಎಂದೆ.

ಆ ಮಾತಿನ ನಂತರ ಒಂದು ವಾರ ಅವರು ನಾನು ಬಡಿಸಿದ ಊಟ ಮಾಡಲಿಲ್ಲ. ಅಕ್ಕನೇ, ಅಂದರೆ ಅವರ ಹೆಂಡತಿಯೇ ಬಡಿಸಬೇಕಾಯಿತು.

ಮಣಿಪಾಲದ ಏರಿನಲ್ಲಿ ನನಗೆ ಕಾರು ಕಲಿಸಿದವರು ಅರ್ಧ ಕ್ಲಚ್ಚಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದನ್ನು ನೂರು ಸಲ ಮಾಡಿಸಿದರು. ಪರೀಕ್ಷೆ ಪಾಸಾದೆ. ಒಬ್ಬರು ಓಡಿಸಿ ಬಿಟ್ಟಿದ್ದ ಕಾರು ಸಿಕ್ಕಿತು. ಹಿಂದಿನ ಸೀಟು ಮಡಚಿದರೆ ಡಿಕ್ಕಿಯಿಂದ ಮುಂದಿನ ತನಕ ಜಾಗ, ಐದು ಥರ್ಮೋಕೋಲ್ ಬಾಕ್ಸು ಸರಾಗವಾಗಿ ಹಿಡಿಯುತ್ತಿತ್ತು. ಕೀ ತಿರುಗಿಸಿದ ಕೂಡಲೇ ಎದುರಿನ ಬೋರ್ಡಿನಲ್ಲಿ ಒಂದಷ್ಟು ದೀಪ ಹತ್ತಿ ಆರುತ್ತವೆ. ಅದರಲ್ಲಿ ಒಂದು ಪುಟ್ಟ ಕಾರಿನ ಚಿತ್ರ, ಹಿಂದೆ ಹಾವು ಹರಿದ ಹಾಗೆ ಎರಡು ಗೆರೆ. ಅದು ಏನು ಎಂದು ಮಾರಿದವರನ್ನು ಕೇಳಿದೆ. "ಅದು ಒಳ್ಳೆಯ ಕಾರಿಗೆ ಮಾತ್ರ ಇರುವುದು ಅಕ್ಕ, ನೀವು ತಲೆಬಿಸಿ ಮಾಡಬೇಡಿ," ಎಂದರು. ನನಗೆ ತಲೆಬಿಸಿ ಆಗಿರಲಿಲ್ಲ. ಏನು ಅಂತ ಕೇಳಿದ್ದೆ, ಅಷ್ಟೇ.

ಉತ್ತರ ಸಿಕ್ಕಿದ್ದು ನಮ್ಮ ಕಡಲ ತೀರದಲ್ಲಿ. ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರಿಗೆ ಆ ದಿನ ಬೂತಾಯಿ ಮೀನು ರಾಶಿ ಬಿದ್ದಿತ್ತು. ಬಾಕ್ಸು ಹೊರುವುದು ಉಳಿಯಲಿ ಎಂದು ನಾನು ಕಾರನ್ನು ರಸ್ತೆ ಬಿಟ್ಟು ಮರಳಿಗೆ ಇಳಿಸಿದೆ. ಬಾಕ್ಸು ತುಂಬಿಸಿ ಹೊರಡಬೇಕು, ಕಾರು ಏಳುವುದಿಲ್ಲ. ಮುಂದಿನ ಚಕ್ರ ಒಂದು ಗೇಣು ಹೂತಿತ್ತು. ಎಕ್ಸಲರೇಟರ್ ಒತ್ತಿದರೆ ಎಂಜಿನ್ ಜೋರಾಗುವ ಬದಲು ಸಪ್ಪೆಯಾಗುತ್ತದೆ. ನಾನು ಒತ್ತುತ್ತಿದ್ದೇನೆ, ಅದು ಕೇಳುತ್ತಿಲ್ಲ. ಬೋರ್ಡಿನಲ್ಲಿ ಆ ಪುಟ್ಟ ಕಾರು ಮಿನುಗುತ್ತಿದೆ.

ಬಲೆ ಮಡಚುತ್ತಿದ್ದ ಗಂಡಸರು ಸುತ್ತ ಬಂದು ನಿಂತರು. ಭಾವನೂ ಅಲ್ಲೇ ಇದ್ದರು. "ಇಳಿ," ಎಂದರು. "ಯಾರಾದರೂ ತೆಗೆದುಕೊಡ್ತಾರೆ."

"ಸ್ವಲ್ಪ ನಿಲ್ಲಿ," ಎಂದು ನಾನು ಎದುರಿನ ಡಬ್ಬಿಯಿಂದ ಕಾರಿನ ಪುಸ್ತಕ ತೆಗೆದೆ. ಇಂಗ್ಲಿಷ್ ಪುಸ್ತಕ. ನನ್ನ ಪಿಯುಸಿ ಇಂಗ್ಲಿಷಿಗೆ ತುಕ್ಕು ಹಿಡಿದಿತ್ತು, ಸತ್ತಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಇಪ್ಪತ್ತು ಗಂಡಸರ ನಡುವೆ, ಮರಳಿನಲ್ಲಿ ಹೂತ ಕಾರಿನೊಳಗೆ ಕೂತು ಒಬ್ಬ ಹೆಂಗಸು ಪುಸ್ತಕ ಓದುವುದು ಅವರಿಗೆ ತಮಾಷೆಯಾಗಿ ಕಂಡಿರಬೇಕು. ಒಬ್ಬ ಹೇಳಿದ, "ಪರೀಕ್ಷೆ ಉಂಟಾ ಅಕ್ಕ?" ಉಳಿದವರು ನಕ್ಕರು. ನಾನು ಪುಟ ತಿರುಗಿಸಿದೆ.

ಪುಸ್ತಕ ಹೇಳಿದ್ದು ಇಷ್ಟು. ನನ್ನ ಕಾರಿನಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು. ಹಿಂದಿನವು ಕಾರು ಹೋದ ಹಾಗೆ ಉರುಳಿಕೊಂಡು ಬರುವಂಥವು. ನಾಲ್ಕೂ ಚಕ್ರದ ವೇಗವನ್ನು ಕಾರಿನ ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಮುಂದಿನದು ಹಿಂದಿನದಕ್ಕಿಂತ ಜೋರಾಗಿ ತಿರುಗಿತೋ, ಅದು ನೆಲ ಹಿಡಿಯದೆ ಸುಮ್ಮನೆ ಸುತ್ತುತ್ತಿದೆ ಎಂದು ಅರ್ಥ. ಆಗ ಕಂಪ್ಯೂಟರ್ ಆ ಚಕ್ರಕ್ಕೆ ತಾನೇ ಸ್ವಲ್ಪ ಬ್ರೇಕು ಹಾಕುತ್ತದೆ, ಎಂಜಿನ್ನಿನ ಬಲವನ್ನೂ ಇಳಿಸುತ್ತದೆ. ಇದಕ್ಕೇ ಟ್ರ್ಯಾಕ್ಷನ್ ಕಂಟ್ರೋಲ್ ಎಂದು ಹೆಸರು, ಅದು ಕೆಲಸ ಮಾಡುವಾಗ ಆ ಪುಟ್ಟ ಕಾರಿನ ದೀಪ ಮಿನುಗುತ್ತದೆ. ಜೀವ ಇರುವ ಮೀನನ್ನು ಕೈಯಲ್ಲಿ ಹಿಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಿಂಡಿದಷ್ಟೂ ಜಾರುತ್ತದೆ, ಹದವಾಗಿ ಹಿಡಿದರೆ ನಿಲ್ಲುತ್ತದೆ. ಮಳೆಯ ರಸ್ತೆಯಲ್ಲಿ ಇದು ಜೀವ ಉಳಿಸುವ ಉಪಾಯ. ಆದರೆ ಸಡಿಲ ಮರಳಿನಲ್ಲಿ ಚಕ್ರ ಸ್ವಲ್ಪ ಸುತ್ತಿಯೇ ಹಾದಿ ಮಾಡಿಕೊಳ್ಳಬೇಕು. ಅಲ್ಲಿ ಇದನ್ನು ಬಂದ್ ಮಾಡಲಿಕ್ಕೆ ಒಂದು ಗುಂಡಿ ಇದೆ.

ಗುಂಡಿ ಸ್ಟೇರಿಂಗಿನ ಬಲಗಡೆ ಇತ್ತು. ಒತ್ತಿದೆ. ರಿವರ್ಸ್ ಹಾಕಿ, ಬಂದ ಗುರುತಿನ ಮೇಲೆಯೇ ಮೆಲ್ಲ ಮೆಲ್ಲ ಹಿಂದೆ ತೆಗೆದೆ. ಚಕ್ರ ಒಂದಷ್ಟು ಮರಳು ಎರಚಿತು, ಅದು ಭಾವನ ಬಿಳಿ ಪಂಚೆಗೆ ಬಿತ್ತು. ಕಾರು ಮೇಲೆ ಬಂತು. ರಸ್ತೆ ಮುಟ್ಟಿದ ಮೇಲೆ ಗುಂಡಿಯನ್ನು ಮತ್ತೆ ಒತ್ತಿ, ಪುಸ್ತಕವನ್ನು ಡಬ್ಬಿಗೆ ಹಾಕಿ, ಅಜೆಕಾರಿಗೆ ಹೋದೆ.

ಮಳೆಗಾಲ ಬಂತು. ತುಳುವಿನ ಆಟಿ ತಿಂಗಳು ಕಳೆದು ಸೋಣ, ಅಂದರೆ ಆಗಸ್ಟ್ ನಡುವಿನ ಹೊತ್ತು. ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದವು, ಮೀನು ಚೆನ್ನಾಗಿ ಬರುತ್ತಿತ್ತು. ಒಂದು ಬೆಳಿಗ್ಗೆ ಸಣ್ಣ ಮಳೆ. ಅಜೆಕಾರಿಗೆ ಮೊದಲು ಒಂದು ಉದ್ದದ ಏರು ಉಂಟು. ಎರಡನೇ ಗೇರಿನಲ್ಲಿ ನಿಧಾನ ಹತ್ತುತ್ತಿದ್ದೆ. ಹಿಂದೆ ಕೆಂಪುಕಲ್ಲು ತುಂಬಿದ ಲಾರಿ. ಅರ್ಧ ಏರಿರಬಹುದು, ಎಂಜಿನ್ನಿನ ದನಿ ಇದ್ದಕ್ಕಿದ್ದ ಹಾಗೆ ಬಿದ್ದುಹೋಯಿತು. ಮರಳಿನಲ್ಲಿ ಆದದ್ದೇ. ಒತ್ತುತ್ತೇನೆ, ಕೇಳುವುದಿಲ್ಲ. ದೀಪ ಮಿನುಗುತ್ತಿದೆ. ಕಾರು ನಿಂತು, ಒಂದು ಗೇಣು ಹಿಂದೆ ಜರುಗಿತು. ಹ್ಯಾಂಡ್‌ಬ್ರೇಕ್ ಎಳೆದೆ. ಲಾರಿಯವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲಿಲ್ಲ.

ಒಂದು ಮಾತು ನನಗೆ ಆಗಲೇ ಖಾತ್ರಿ ಇತ್ತು. ಚಕ್ರ ಜಾರಿರಲಿಲ್ಲ. ಜಾರಿದರೆ ಸ್ಟೇರಿಂಗು ಕೈಯಲ್ಲಿ ಹಗುರಾಗುತ್ತದೆ, ಕಾರಿನ ಮೂತಿ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ. ಅಂಥದ್ದು ಏನೂ ಆಗಿರಲಿಲ್ಲ. ಡಾಂಬರು ಒದ್ದೆಯಾಗಿತ್ತು, ಅಷ್ಟೇ. ಗುಂಡಿ ಒತ್ತಿ ಬಂದ್ ಮಾಡಿದ್ದರೆ ಕಾರು ಹತ್ತುತ್ತಿತ್ತೇನೋ. ಆ ಹೊತ್ತಿಗೆ ನೆನಪಾಗಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಲಾರಿಯವನು ಇಳಿದು ಬಂದು ಕಿಟಕಿ ಬಡಿದ. "ಎಂತ ಅಕ್ಕ ಇದು? ಇಳಿಯಿರಿ, ನಾನು ಮೇಲೆ ಹಾಕಿಕೊಡ್ತೇನೆ."

"ನೀವು ಲಾರಿ ಸ್ವಲ್ಪ ಹಿಂದೆ ತೆಗೆಯಿರಿ. ನಾನು ಹತ್ತಿಸ್ತೇನೆ."

ಮೊದಲ ಸಲ ಮತ್ತೆ ಸಪ್ಪೆಯಾಗಿ ನಿಂತಿತು. ಎರಡನೆಯ ಸಲವೂ. ಮೂರನೆಯ ಸಲ ಯಾವ ಪುಣ್ಯವೋ, ತೆವಳಿಕೊಂಡು ಹತ್ತಿತು. ಮೇಲೆ ಬದಿಗೆ ನಿಲ್ಲಿಸಿದೆ. ಲಾರಿ ದಾಟಿ ಹೋಗುವಾಗ ಅವನು ನನ್ನನ್ನು ನೋಡಿ ತಲೆ ಅಲ್ಲಾಡಿಸಿದ. ಆ ದಿನ ಅಜೆಕಾರಿನಲ್ಲಿ ಮೀನು ತೂಗುವಾಗ ಎರಡು ಸಲ ತಕ್ಕಡಿ ಕೈಜಾರಿತು.

ಸಂಜೆ ನಾನು ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಲಾರಿಯವನಿಗೆ ಕಾಪುವಿನಲ್ಲಿ ಯಾರೋ ಗುರುತಿನವರು. ಏರಿನಲ್ಲಿ ಕಾರು ಹಿಂದೆ ಬಿಟ್ಟಳಂತೆ, ಲಾರಿಗೆ ತಾಗುವುದು ಕೂದಲೆಳೆಯಲ್ಲಿ ತಪ್ಪಿತಂತೆ. ಒಂದು ಗೇಣು ಎಂಬುದು ಕಾಪು ಮುಟ್ಟುವಾಗ ಹತ್ತು ಮಾರು ಆಗಿತ್ತು.

ಮರುದಿನ ಉಡುಪಿಯ ಒಂದು ಗ್ಯಾರೇಜಿಗೆ ಹೋದೆ. ದೊಡ್ಡದು, ನೆಲಕ್ಕೆಲ್ಲ ಟೈಲ್ಸ್ ಹಾಕಿದ್ದು. ಮಾಲೀಕರು ಡಿಕ್ಕಿ ತೆರೆದು ಮೂಗು ಮುಚ್ಚಿಕೊಂಡರು. ಆಮೇಲೆ ಕಾರನ್ನು ಐದು ನಿಮಿಷ ಸಮತಟ್ಟು ರಸ್ತೆಯಲ್ಲಿ ಓಡಿಸಿ ಬಂದರು.

"ಕಾರಿಗೆ ಎಂತದೂ ಆಗಲಿಲ್ಲ ಮಾರಾಯ್ರೆ. ಮಳೆಯಲ್ಲಿ ಏರು ಹತ್ತುವಾಗ ನೀವು ಎಕ್ಸಲರೇಟರ್ ಜಾಸ್ತಿ ಕೊಟ್ಟಿದ್ದೀರಿ. ಚಕ್ರ ಜಾರಿದೆ."

"ಜಾರಲಿಲ್ಲ."

"ಲೈಟು ಮಿನುಗಿತು ಅಂತ ನೀವೇ ಹೇಳಿದ್ದಲ್ವಾ? ಜಾರಿದರೆ ಮಾತ್ರ ಅದು ಮಿನುಗುವುದು."

"ಅದಕ್ಕೇ ಕೇಳುವುದು. ಜಾರದೆ ಯಾಕೆ ಮಿನುಗಿತು?"

ಅವರು ನಕ್ಕರು. ಕೆಟ್ಟ ನಗೆಯಲ್ಲ, ದೊಡ್ಡವರು ಮಕ್ಕಳಿಗೆ ಸಮಾಧಾನ ಮಾಡುವಾಗ ನಗುವಂಥದ್ದು. ನನಗೆ ಕೆಟ್ಟ ನಗೆಯೇ ವಾಸಿ ಅನಿಸಿತು. "ಮನೆಯಲ್ಲಿ ಗಂಡಸರು ಯಾರಾದರೂ ಓಡಿಸುವವರು ಉಂಟಾ? ಅವರನ್ನು ಒಮ್ಮೆ ಕಳಿಸಿ, ಮಾತಾಡುವ. ನಿಮಗೆ ಆ ಲೈಟು ಕಂಡರೆ ಹೆದರಿಕೆ ಆಗುವುದಾದರೆ ಅದು ಉರಿಯದ ಹಾಗೆ ಮಾಡಿಕೊಡ್ತೇನೆ."

"ನನಗೆ ಲೈಟಿನ ಹೆದರಿಕೆ ಇಲ್ಲ," ಎಂದೆ. "ಅದು ಸುಳ್ಳು ಹೇಳ್ತಾ ಉಂಟು. ಯಾಕೆ ಅಂತ ನನಗೆ ಬೇಕು. ಅದರ ಬಾಯಿ ಮುಚ್ಚಿಸುವುದು ಬೇಡ."

ಕೀ ತೆಗೆದುಕೊಂಡು ಬಂದೆ. ಮನೆಯಲ್ಲಿ ಭಾವ ಜಗಲಿಯಲ್ಲೇ ಕಾಯುತ್ತಿದ್ದರು. ನಾನು ಕಾರಿನಿಂದ ಖಾಲಿ ಬಾಕ್ಸು ಇಳಿಸುವಷ್ಟರಲ್ಲಿ ಅವರು ಕೀ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡಿದ್ದರು.

"ಕೀ ಕೊಡಿ ಭಾವ."

"ಮಾರುವ ಇದನ್ನು. ಗ್ಯಾರೇಜಿನವರು ಎಂತ ಹೇಳಿದ್ರು ಅಂತ ಕೇಳಿದ್ದೇನೆ, ಫೋನು ಮಾಡಿದ್ದೆ. ಕಾರು ಸರಿ ಉಂಟಂತೆ. ಅಂದ ಮೇಲೆ ಸರಿ ಇಲ್ಲದ್ದು ಯಾವುದು?" ಆಮೇಲೆ ದನಿ ಇಳಿಸಿ ಹೇಳಿದರು, "ಹಿಂದೆ ಲಾರಿ ಇತ್ತಂತಲ್ಲ. ನಿನಗೆ ಹೆಚ್ಚುಕಮ್ಮಿ ಆದ್ರೆ ತಮ್ಮನಿಗೆ ನಾನು ಎಂತ ಹೇಳಲಿ?"

ಅವರ ಹೆದರಿಕೆ ಸುಳ್ಳಲ್ಲ ಎಂದು ಆಗ ಗೊತ್ತಾಯಿತು. ಅದು ಗೊತ್ತಾದ ಮೇಲೆಯೂ ನನಗೆ ಸಿಟ್ಟು ಇಳಿಯಲಿಲ್ಲ. "ನಿಮ್ಮ ಬೋಟಿನ ಎಂಜಿನ್ ನಡುಕಡಲಲ್ಲಿ ಕೈಕೊಟ್ಟದ್ದು ಎಷ್ಟು ಸಲ? ಒಂದು ಸಲವಾದರೂ ಬೋಟು ಮಾರುವ ಅಂತ ಹೇಳಿದ್ರಾ? ತಾಂಡೇಲನೇ ಸರಿ ಇಲ್ಲ ಅಂತ ಯಾರಾದರೂ ಹೇಳಿದ್ರಾ? ಎಂಜಿನ್ ಬಿಚ್ಚಿಸಿ ನೋಡಿದ್ರಿ. ನಾನೂ ಬಿಚ್ಚಿಸಿ ನೋಡ್ತೇನೆ."

ಅವರು ಕೀ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಕಾರಿಗೆ ಎರಡನೆಯ ಕೀ ಒಂದು ಇರುತ್ತದೆ ಎಂಬುದು ಬೋಟಿನವರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಆದಿ ಉಡುಪಿಗೆ ಹೋದೆ. ಅಲ್ಲಿ ಮಾರುಕಟ್ಟೆ ಯಾರ್ಡಿನ ಹತ್ತಿರ ತಗಡಿನ ಮಾಡಿನ ಕೆಳಗೆ ಒಬ್ಬರು ತರಕಾರಿ ಗಾಡಿಗಳ ವಯರಿಂಗ್ ಕೆಲಸ ಮಾಡುತ್ತಾರೆ ಎಂದು ಮಲ್ಪೆಯ ಟೆಂಪೋದವರು ಹೇಳಿದ್ದರು. ಗದಗದ ಕಡೆಯವರು. ನಲವತ್ತರ ಹತ್ತಿರದ ಸಣಕಲು ಮನುಷ್ಯ, ಮಾತು ಕಡಿಮೆ. ಇಲ್ಲಿಗೆ ರಸ್ತೆ ಕೆಲಸಕ್ಕೆ ಬಂದು, ಜೆಸಿಬಿ ರಿಪೇರಿ ನೋಡಿ ನೋಡಿ ಈ ಕೆಲಸ ಕಲಿತವರಂತೆ. ನಾನು ನಡೆದದ್ದನ್ನು ಹೇಳಿದೆ. ಅವರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ಆಮೇಲೆ ಒಂದು ಪ್ರಶ್ನೆ ಕೇಳಿದರು.

"ಲೈಟು ಮಿಣಮಿಣ ಅಂತಿತ್ತೋ, ಹಂಗ ಹತ್ತಿಕೊಂಡ ನಿಂತಿತ್ತೋ ಅಕ್ಕಾರ?"

"ಮಿನುಗ್ತಾ ಇತ್ತು."

"ಹತ್ತಿ ನಿಂತ್ರ ತಾ ಕೆಟ್ಟೇನಿ ಅಂತ ಅರ್ಥ, ಇಲ್ಲಾಂದ್ರ ನೀವ ಬಂದ್ ಮಾಡೀರಿ ಅಂತ. ಮಿಣಮಿಣ ಅಂದ್ರ ತಾ ಕೆಲಸ ಮಾಡಾಕತ್ತೇನಿ ಅಂತ. ಅದರ ಲೆಕ್ಕದಾಗ ಗಾಲಿ ಜಾರಾಕತ್ತಿತ್ತು."

"ಜಾರಲಿಲ್ಲ ಅಣ್ಣ."

"ಇಲ್ಲಂತ ನಾ ಎಲ್ಲಿ ಅಂದೆ? ಅದರ ಲೆಕ್ಕ ತಪ್ಪೇತಿ. ಯಾಕ ತಪ್ಪೇತಿ ನೋಡೂಣು."

ನನ್ನ ಮಾತನ್ನು ನಂಬಿ ಅಲ್ಲಿಂದ ಕೆಲಸ ಶುರುಮಾಡಿದವರು ಅವರೊಬ್ಬರೇ. ಬೋರ್ಡಿನ ಕೆಳಗೆ ಒಂದು ವಯರು ಸಿಕ್ಕಿಸಿ ಕೈಯಗಲದ ಯಂತ್ರವೊಂದನ್ನು ಸೀಟಿನ ಮೇಲಿಟ್ಟರು. ಅದರಲ್ಲಿ ಚಕ್ರಕ್ಕೊಂದರಂತೆ ವೇಗದ ನಾಲ್ಕು ಅಂಕೆ, ನಾಲ್ಕೂ ಸೊನ್ನೆ. ಒಂದೊಂದೇ ಚಕ್ರವನ್ನು ಜಾಕಿನ ಮೇಲೆ ಎತ್ತಿ, "ನಾ ಕೈಯಿಂದ ತಿರುಗಸ್ತೀನಿ, ನೀವು ಅಂಕಿ ಓದ್ರಿ," ಎಂದರು.

ಮುಂದಿನ ಎಡ ಚಕ್ರ ತಿರುಗಿಸಿದರು. ಅಂಕೆ ಮೂರು, ನಾಲ್ಕು, ನಾಲ್ಕು, ಮೂರು. ಮುಂದಿನ ಬಲ, ಹಾಗೆಯೇ. ಹಿಂದಿನ ಎಡ, ಹಾಗೆಯೇ. ಹಿಂದಿನ ಬಲ ಚಕ್ರ ತಿರುಗಿಸಿದಾಗ ಅಂಕೆ ನಾಲ್ಕು ತೋರಿಸಿ ಸೊನ್ನೆಯಾಯಿತು. ಮತ್ತೆ ನಾಲ್ಕು, ಮತ್ತೆ ಸೊನ್ನೆ. ಚಕ್ರ ಮಾತ್ರ ಒಂದೇ ಸಮನೆ ತಿರುಗುತ್ತಿತ್ತು. ನಾನು ಓದುತ್ತಾ ಓದುತ್ತಾ ನಿಲ್ಲಿಸಿದೆ.

ಅವರು ಚಕ್ರ ಬಿಚ್ಚಿ ತೋರಿಸಿದರು. ಚಕ್ರ ಕೂರುವ ಹಬ್ಬಿನ ಮೇಲೆ ಒಂದು ಕಬ್ಬಿಣದ ಬಳೆ, ಸುತ್ತ ಗರಗಸದ ಹಾಗೆ ಸಣ್ಣ ಸಣ್ಣ ಹಲ್ಲು. ಅದರ ಪಕ್ಕ ಬೆರಳುದ್ದದ ಸೆನ್ಸರ್. ಹಲ್ಲು ಒಂದೊಂದಾಗಿ ಎದುರಿಂದ ಹಾದುಹೋಗುವುದನ್ನು ಅದು ಲೆಕ್ಕ ಇಡುತ್ತದೆ, ಅದರಿಂದ ಚಕ್ರದ ವೇಗ ತಿಳಿಯುತ್ತದೆ. ನನ್ನ ಕಾರಿನ ಆ ಬಳೆ ತುಕ್ಕು ತಿಂದು ಉಬ್ಬಿ ಬಿರುಕು ಬಿಟ್ಟಿತ್ತು. ಒಂದು ಕಡೆ ಹಲ್ಲುಗಳೇ ಇರಲಿಲ್ಲ.

"ಜೋರಾಗಿ ಹೊಂಟಾಗ ಒಂದೆರಡು ಹಲ್ಲು ತಪ್ಪಿದ್ರ ಅದು ಲಕ್ಷ್ಯ ಕೊಡಂಗಿಲ್ಲ," ಎಂದರು ಅವರು. "ಸಾವಕಾಶ ಏರು ಹತ್ತುವಾಗ ಹಲ್ಲು ತಪ್ಪಿದ್ರ ಹಿಂದಿನ ಗಾಲಿ ನಿಂತಂಗ ಕಾಣ್ತದ. ಮುಂದಿಂದು ತಿರಗಾಕತ್ತೇತಿ, ಹಿಂದಿಂದು ನಿಂತೇತಿ. ಅಂದ್ರ ಮುಂದಿನ ಗಾಲಿ ಜಾರಾಕತ್ತಾವ ಅಂತ ತಿಳಿದು ಎಂಜಿನ್ ಇಳಸ್ತದ. ಪಾಪ, ಅದರದೂ ತಪ್ಪಿಲ್ಲ. ಅದಕ್ಕ ಈ ಸೆನ್ಸರ್ ಹೇಳಿದ್ದು ಸುಳ್ಳು."

ಸಮತಟ್ಟು ರಸ್ತೆಯಲ್ಲಿ ಐದು ನಿಮಿಷ ಓಡಿಸಿದವರಿಗೆ ಇದು ಸಿಗುವುದು ಹೇಗೆ? ಸರಿಯಾಗಿ ತಿರುಗುತ್ತಿದ್ದ ಚಕ್ರಕ್ಕೆ ಬ್ರೇಕು ಬಿದ್ದಿತ್ತು, ಎಲ್ಲೋ ಹಿಂದೆ ಇರುವ ಒಂದು ಸುಳ್ಳಿನಿಂದ. ನಾನು ಆ ಬಳೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಗ್ಯಾರೇಜಿನ ಮಾಲೀಕರಿಗೆಂದು ನಾಲಗೆಯ ತುದಿಗೆ ಬಂದ ಬೈಗುಳ ಈ ವಯರಿಂಗಿನವರ ಮುಂದಿನ ಮಾತಿನಿಂದ ಅಲ್ಲೇ ಉಳಿಯಿತು.

"ಇಲ್ಲಿ ನೋಡ್ರಿ ಅಕ್ಕಾರ." ಡಿಕ್ಕಿಯ ನೆಲದಲ್ಲಿ, ಸರಿಯಾಗಿ ಆ ಚಕ್ರದ ಮೇಲೆ, ರಬ್ಬರಿನ ಬಿರಡೆ ಇರಬೇಕಾದ ಒಂದು ತೂತು. ಬಿರಡೆ ಇರಲಿಲ್ಲ. ಬಾಕ್ಸಿನಿಂದ ಸೋರಿದ ಐಸಿನ ಉಪ್ಪುನೀರು ದಿನವೂ ಅಲ್ಲಿಂದ ಹಬ್ಬಿಗೆ ಇಳಿದಿತ್ತು.

ಆ ಬಿರಡೆ ತೆಗೆದವಳು ನಾನೇ. ಡಿಕ್ಕಿ ತೊಳೆದ ನೀರು ಹೊರಗೆ ಹೋಗಲಿ ಎಂದು.

ಅವರಿಗೆ ಅದನ್ನು ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು. ಆದರೆ ಜಾರಿದ್ದು ನನ್ನ ತಪ್ಪು ಎಂದವರ ಎದುರು ಅಲ್ಲ ಎಂದು ನಿಂತವಳು ನಾನು. ನಿಜವಾದ ತಪ್ಪನ್ನು ಒಪ್ಪಲಿಕ್ಕೆ ನಾಚಿಕೆಪಟ್ಟರೆ ಆ ನಿಂತದ್ದಕ್ಕೆ ಬೆಲೆ ಏನು?

ಅವರು ಇಡೀ ಹೊತ್ತು ಆ ಡಿಕ್ಕಿಯೊಳಗೆ ತಲೆ ಹಾಕಿಯೇ ಇದ್ದರು. "ಅಣ್ಣ, ನೀವು ಮೀನು ತಿನ್ನುವವರಾ?" ಎಂದು ಕೇಳಿದೆ.

"ಇಲ್ಲರೀ."

"ವಾಸನೆ ಬರುವುದಿಲ್ವಾ?"

"ಬರ್ತದರೀ. ಗ್ರೀಸಿಂದೂ ಬರ್ತದ." ತಲೆ ಎತ್ತದೆಯೇ ಹೇಳಿ, ಹನ್ನೆರಡರ ಪಾನ, ಅಂದರೆ ಸ್ಪ್ಯಾನರ್, ಕೇಳಿದರು. ನಾನು ಹುಡುಕಿ ಕೊಟ್ಟೆ.

ಬಳೆ ಸಮೇತ ಹೊಸ ಹಬ್ಬು ಬರಲಿಕ್ಕೆ ಎರಡು ದಿನ. ಅದು ಬಂದ ಮೇಲೆ ಮತ್ತೆ ಜಾಕು ಹಾಕಿ, ಚಕ್ರ ತಿರುಗಿಸಿ, ನನ್ನಿಂದಲೇ ಅಂಕೆ ಓದಿಸಿದರು. ನಾಲ್ಕೂ ಚಕ್ರ ಒಂದೇ ಮಾತು ಹೇಳಿದವು. ತೂತಿಗೆ ಹೊಸ ಬಿರಡೆ ಬಡಿದು, ಡಿಕ್ಕಿಯಲ್ಲಿ ನೀರು ನಿಲ್ಲುವ ಹಾಗೆ ಅಂಚು ಮಡಚಿದ ಒಂದು ತಗಡಿನ ತಟ್ಟೆ ಮಾಡಿಸಿ ಹಾಕಿಕೊಂಡೆ.

ಹಳೆಯ ಬಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಉಡುಪಿಯ ಗ್ಯಾರೇಜಿಗೆ ಕೊಂಡುಹೋದೆ. ಮಾಲೀಕರ ಮೇಜಿನ ಮೇಲೆ ಇಟ್ಟೆ. ತುಕ್ಕಿನ ಪುಡಿ ಅವರ ಕಾಗದದ ಮೇಲೆ ಉದುರಿತು.

ಅವರು ಅದನ್ನು ಆಚೆ ಈಚೆ ತಿರುಗಿಸಿ ನೋಡಿ, "ಉಪ್ಪುನೀರು ನಿಮ್ಮದೇ ಅಲ್ವಾ ಅಕ್ಕ?" ಎಂದರು.

"ನನ್ನದೇ. ಅದನ್ನು ನೀವು ಚಕ್ರ ಬಿಚ್ಚಿ ನೋಡಿ ನನಗೆ ಹೇಳಬೇಕಿತ್ತು. ನೀವು ಹೇಳಿದ್ದು ಗಂಡಸರನ್ನು ಕಳಿಸಿ ಅಂತ."

ಅವರು ಒಂದು ಚಾ ತರಿಸಲಾ ಎಂದು ಕೇಳಿದರು. ಬೇಡ ಎಂದು ಬಂದೆ.

ಅದೇ ವಾರ ನನ್ನ ಗಂಡ ಬೋಟಿನಿಂದ ಬಂದರು. ಮನೆಯ ಗಾಳಿ ಅವರಿಗೆ ಬಾಗಿಲಲ್ಲೇ ಗೊತ್ತಾಯಿತು. ಅಣ್ಣನ ಮಾತೂ ಕೇಳಿದರು, ನನ್ನದೂ ಕೇಳಿದರು. ಮರುದಿನ ಬೆಳಿಗ್ಗೆ ನಾನು ಬಾಕ್ಸು ತುಂಬುತ್ತಿದ್ದಾಗ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು.

"ನೀವೆಲ್ಲಿಗೆ?"

"ಆ ಏರು ನೋಡಿ ಬರ್ತೇನೆ," ಎಂದರು. ಮಣಿಪಾಲದ ಏರಿನಲ್ಲೇ ಅವರ ಮುಖ ಹಳದಿಯಾಗಿತ್ತು.

ಅಜೆಕಾರಿನ ಏರಿಗೆ ಬರುವಾಗ ಮಳೆ ಧಾರಾಕಾರ. ರಸ್ತೆಯ ಬದಿಯಲ್ಲಿ ಯಾರೋ ಮನೆ ಕಟ್ಟಲಿಕ್ಕೆ ಗುಡ್ಡ ಕಡಿದಿದ್ದರು. ಅಲ್ಲಿನ ಕೆಂಪು ಮಣ್ಣು ಕೊಚ್ಚಿಕೊಂಡು ಬಂದು ಡಾಂಬರಿನ ಎಡಬದಿಯ ಮೇಲೆ ಹರಡಿತ್ತು. ಎದುರಿನಿಂದ ಬಸ್ಸು ಬಂತು, ಎಡಕ್ಕೆ ಸರಿಯಲೇಬೇಕು. ಎಡಗಡೆಯ ಚಕ್ರ ಕೆಸರಿನ ಮೇಲೆ ಹೋಯಿತು. ಸ್ಟೇರಿಂಗು ಕೈಯಲ್ಲಿ ಹಗುರಾಯಿತು. ದೀಪ ಮಿನುಗಿತು. ಮುಂದಿನ ಚಕ್ರದ ಕಡೆಯಿಂದ ಕಟಕಟ ಎಂದು ಶಬ್ದ, ಬ್ರೇಕು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತಿತ್ತು. ನಾನು ಕಾಲನ್ನು ಹೆಚ್ಚೂ ಒತ್ತಲಿಲ್ಲ, ಎತ್ತಲೂ ಇಲ್ಲ.

"ಎಂತ ಅದು ಶಬ್ದ?" ಎಂದರು ಅವರು, ಚೀಲದಿಂದ ಬಾಯಿ ತೆಗೆದು.

"ಎಡ ಚಕ್ರ ಕೆಸರಲ್ಲಿ ಸುಮ್ಮನೆ ಸುತ್ತುತ್ತಾ ಉಂಟು. ಎಂಜಿನ್ನಿನ ಶಕ್ತಿ ಎಲ್ಲ ಸುಲಭಕ್ಕೆ ತಿರುಗುವ ಚಕ್ರಕ್ಕೇ ಹೋಗುವುದು. ಕಾರು ಅದಕ್ಕೆ ಬ್ರೇಕು ಹಾಕ್ತಾ ಉಂಟು. ಹಾಕಿದಾಗ ಆ ಶಕ್ತಿ ಡಾಂಬರಿನ ಮೇಲಿರುವ ಬಲಗಡೆಯ ಚಕ್ರಕ್ಕೆ ಸಿಗ್ತದೆ. ನೋಡಿ, ಹತ್ತಿತು."

ಹತ್ತಿತು. ಮೂತಿ ಸ್ವಲ್ಪವೂ ಓರೆಯಾಗದೆ, ಐದು ಬಾಕ್ಸು ಬಂಗುಡೆ, ಒಬ್ಬ ಕಾಯಿಲೆಯ ಮನುಷ್ಯ, ಎಲ್ಲ ಹೊತ್ತುಕೊಂಡು.

"ಹಾಗಾದರೆ ಜಾರಿತು?" ಎಂದರು.

"ಈಗ ಜಾರಿತು. ಅವತ್ತು ಜಾರಲಿಲ್ಲ."

ಮೇಲೆ ನಿಲ್ಲಿಸಲು ಹೇಳಿ, ಇಳಿದು, ಮಳೆಯಲ್ಲೇ ಬಾಯಿ ತೊಳೆದುಕೊಂಡರು. ಆಮೇಲೆ ಏರಿನ ಕೆಳಗಿನ ತನಕ ಒಮ್ಮೆ ಕಣ್ಣು ಹಾಯಿಸಿ, ಬೋಟಿನವರು ನದಿ ಕಡಲು ಸೇರುವ ಅಳಿವೆಯ ಅಪಾಯ ದಾಟಿ ಒಳಗೆ ಬಂದ ಮೇಲೆ ಹಿಂದೆ ನೋಡುವ ಹಾಗೆ, ಸ್ವಲ್ಪ ಹೊತ್ತು ನಿಂತರು.

ಸಂಜೆ ಮನೆಯಲ್ಲಿ ಭಾವ ಜಗಲಿಯಲ್ಲಿದ್ದರು. ನನ್ನ ಗಂಡ, "ಅಣ್ಣ, ಆ ಕಾರು ಮಾರುವ ವಿಷಯ," ಎಂದು ಶುರುಮಾಡಿದರು. ನಾನು ಅವರ ಮಾತು ತಡೆದೆ. ಅವರು ನನ್ನ ಪರವಾಗಿಯೇ ಹೇಳುವವರಿದ್ದರು, ಗೊತ್ತು. ಆದರೆ ಅವರು ಹೇಳಿದರೆ ಅದು ತಮ್ಮ ಅಣ್ಣನಿಗೆ ಹೇಳಿದ ಮಾತಾಗುತ್ತದೆ, ನನ್ನ ಮಾತಾಗುವುದಿಲ್ಲ.

"ನಾನು ಹೇಳ್ತೇನೆ. ಭಾವ, ಕಾರು ಕೆಟ್ಟಿತ್ತು. ಕೆಟ್ಟದ್ದು ನಾನು ಬಿರಡೆ ತೆಗೆದದ್ದರಿಂದ. ಓಡಿಸಿದ್ದರಿಂದ ಅಲ್ಲ. ಈಗ ಸರಿ ಮಾಡಿಸಿದ್ದೇನೆ. ಕಾರು ಮಾರುವುದಿಲ್ಲ. ನಿಮ್ಮ ಹತ್ತಿರ ಇರುವ ಕೀ ನನಗೆ ಬೇಕು."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಭಾವ ಕಿಸೆಯಿಂದ ಕೀ ತೆಗೆದು, ನನ್ನ ಕೈಗೆ ಕೊಡದೆ, ಜಗಲಿಯ ದಂಡೆಯ ಮೇಲೆ ಇಟ್ಟರು.

"ಮಳೆ ಜೋರಿದ್ದರೆ ಹೋಗಬೇಡ," ಎಂದರು.

"ನೋಡಿಕೊಂಡು ಹೋಗ್ತೇನೆ."

"ಹೋಗಬೇಡ ಅಂದದ್ದು."

"ಕೇಳಿತು ಭಾವ. ನೋಡಿಕೊಂಡು ಹೋಗ್ತೇನೆ," ಎಂದು ಕೀ ತೆಗೆದುಕೊಂಡೆ.

ಭಾವ ಇವತ್ತಿಗೂ ನನ್ನ ಕಾರು ಹತ್ತಿಲ್ಲ. ಮೊಣಕಾಲಿಗೆ ಮದ್ದಿಗೆ ಹೋಗುವಾಗ ರಿಕ್ಷಾ ಕರೆಸುತ್ತಾರೆ. ಅದು ಅವರಿಗೆ ಬಿಟ್ಟದ್ದು. ಕಳೆದ ತಿಂಗಳು ನಮ್ಮ ಪಕ್ಕದ ಮನೆಯ ಸೊಸೆ, ಅವಳೂ ಮೀನು ಮಾರುವವಳೇ, ಕಲಿಯುವವರ ಲೈಸನ್ಸ್ ಮಾಡಿಸಬೇಕು, ಜೊತೆಗೆ ಬರುತ್ತೀರಾ ಎಂದು ಕೇಳಿದಳು. ಕರೆದುಕೊಂಡು ಹೋಗಿ ಅರ್ಜಿ ತುಂಬಿಸಿ ಬಂದೆ. ಅವಳ ಅತ್ತೆ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಿಡಲಿ.